ಅಗೆತದ ಋತು, ಬರವಣಿಗೆಯ ಋತು

ಪುರಾತತ್ತ್ವದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಉತ್ಖನನ, ಕಚೇರಿ, ಮನೆ, ತೋಟ ಎಲ್ಲ ಇಟ್ಟುಕೊಂಡು ಬರೆಯುವುದಕ್ಕೆ ಯಾವಾಗ ಪುರಸೊತ್ತು ಸಿಗುತ್ತದೆ? ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತೀರಾ ಎಂದು ಕೇಳಿದವರೂ ಇದ್ದಾರೆ. ಏಳುವುದಿಲ್ಲ. ದಿನವನ್ನು ಚೂರು ಮಾಡಿ ಹಂಚಿಕೊಳ್ಳುವ ಗೋಜಿಗೆ ನಾನು ಹೋಗುವುದೇ ಇಲ್ಲ, ವರ್ಷವನ್ನು ಹಂಚಿಕೊಂಡಿದ್ದೇನೆ. ಶಿರಸಿಯ ಸುತ್ತ ಬದುಕುವವರಿಗೆ ಅದು ಕಷ್ಟವೂ ಅಲ್ಲ. ಇಲ್ಲಿ ಮಳೆಯೇ ವರ್ಷವನ್ನು ಎರಡು ಪಾಲು ಮಾಡಿ ಕೊಡುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಜಿಲ್ಲೆಯಲ್ಲಿ ಟ್ರೆಂಚ್, ಅಂದರೆ ಉತ್ಖನನದ ಗುಂಡಿ, ತೆಗೆಯುವ ಮಾತಿಲ್ಲ. ತೆಗೆದರೆ ಅದು ಸಂಜೆಯೊಳಗೆ ಬಾವಿಯಾಗುತ್ತದೆ. ಕಾಡಿನಲ್ಲಿರುವ ವೀರಗಲ್ಲು, ಮಾಸ್ತಿಕಲ್ಲುಗಳ ಮೇಲೆ ಪಾಚಿ ಕಟ್ಟಿರುತ್ತದೆ. ಹತ್ತಿರ ಹೋದವರ ಕಾಲಿಗೆ ಉಂಬಳ ಹತ್ತುತ್ತದೆ. ಆಗ ಕಚೇರಿಯಲ್ಲಿ ಕುಳಿತು ನಕ್ಷೆ ಪೂರ್ತಿಮಾಡುವುದು, ಮಡಕೆಚೂರುಗಳನ್ನು ವಿಂಗಡಿಸುವುದು, ವರದಿ ಬರೆಯುವುದು. ಸಂಜೆ ಹೊತ್ತಿಗೆ ಸರಿಯಾಗಿ ಮನೆ ಸೇರಬಹುದು. ನನ್ನ ಪ್ರಬಂಧಗಳೂ ಕತೆಗಳೂ ಹೆಚ್ಚಿನವು ಆಷಾಢ, ಶ್ರಾವಣಗಳಲ್ಲಿ ಹುಟ್ಟಿದವು.

ತೊಡಕಿರುವುದು ಉಳಿದ ಪಾಲಿನಲ್ಲಿ. ದೀಪಾವಳಿ ಮುಗಿದು ನೆಲದ ಹಸಿ ಆರುವ ಮೊದಲೇ ಅಗೆತ ಶುರುವಾಗಬೇಕು. ಹಸಿ ಮಣ್ಣಿನಲ್ಲಿ ಸ್ತರಗಳು, ಅಂದರೆ ಒಂದರ ಮೇಲೊಂದು ಕೂತ ಪದರಗಳು, ಬೇರೆಬೇರೆಯಾಗಿ ಎದ್ದು ಕಾಣುತ್ತವೆ: ಬೂದಿ ಬಿದ್ದ ಜಾಗ, ಇಟ್ಟಿಗೆ ಪುಡಿಯಾದ ಜಾಗ, ಮರದ ಕಂಬ ಕೊಳೆತುಹೋಗಿ ಉಳಿದ ಕುಳಿ. ಬಿಸಿಲು ಬಲಿತ ಮೇಲೆ ಎಲ್ಲ ಒಂದೇ ಬಣ್ಣಕ್ಕೆ ತಿರುಗುತ್ತದೆ. ಟ್ರೆಂಚಿನ ಗೋಡೆಗೆ ನೀರು ಚಿಮುಕಿಸಿಕೊಂಡು ನೋಡಬೇಕಾಗುತ್ತದೆ. ತೋಟದಲ್ಲಿ ಅಡಿಕೆ ಕೊಯ್ಲು ಶುರುವಾಗುವುದೂ ಅದೇ ಹೊತ್ತಿಗೆ. ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಯಾವ ದಿನ ಬರುತ್ತಾನೆಂದು ಹೇಳುವಂತಿಲ್ಲ. ಬಂದ ದಿನದಿಂದ ಮನೆಯಲ್ಲಿ ಅಡಿಕೆ ಸುಲಿಯುವವರ ಚಹ-ಊಟ, ಬೇಯಿಸುವ ಹಂಡೆ, ಅಂಗಳದಲ್ಲಿ ಹರವಿದ ಅಡಿಕೆಯ ಕಾವಲು. ಮನೆಯಲ್ಲಿ ಒಬ್ಬರು ಕಡಿಮೆಯಾದರೂ ಗೊತ್ತಾಗುವ ಕಾಲ ಅದು.

ಮದುವೆಯಾದ ಹೊಸತರಲ್ಲಿ ಈ ವಿಷಯವನ್ನು ನಾವು ಮುಚ್ಚುಮರೆಯಿಲ್ಲದೆ ಕುಳಿತು ಮಾತಾಡಿಕೊಂಡೆವು. ನನ್ನ ಗಂಡ ಹೈಸ್ಕೂಲು ಮಾಸ್ತರರು. ಅವರ ರಜೆಯ ಬಹುಭಾಗ ಕೊಯ್ಲಿಗೆ ಮೀಸಲು. ಬದಲಿಗೆ ಮಳೆಗಾಲದ ತೋಟ ನನ್ನದು. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸುವ ಜವಾಬ್ದಾರಿ ಪೂರ್ತಿ ನನ್ನ ಮೇಲಿದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಬೋರ್ಡೋ ಮಿಶ್ರಣದ ಲೆಕ್ಕ, ಜೂನ್ ಮಳೆ ಹಿಡಿಯುವ ಮೊದಲಿನ ಸಿಂಪಡಣೆ, ಅದಾಗಿ ಸುಮಾರು ನಲವತ್ತು ದಿನಕ್ಕೆ ಎರಡನೆಯದು, ನಡುವೆ ಮಳೆ ಹೊಳವಾಗುವುದನ್ನು ಕಾಯುವುದು, ಆಳುಗಳನ್ನು ಹೊಂದಿಸುವುದು. ಅತ್ತೆಯವರ ಆಸ್ಪತ್ರೆ ಕೆಲಸಗಳನ್ನೂ ತುರ್ತಿಲ್ಲದವುಗಳಾದರೆ ಮಳೆಗಾಲಕ್ಕೇ ಇಟ್ಟುಕೊಳ್ಳುತ್ತೇವೆ. ಅತ್ತೆ ಮೊದಲು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ನೀನು ಮಣ್ಣು ಅಗೆಯಲಿಕ್ಕೆ ಹೋಗು, ಮಗುವಿನ ಚಿಂತೆ ಬೇಡ. ಆದರೆ ಜಾತ್ರೆಗೆ ಮಾತ್ರ ಮನೆಯಲ್ಲಿರಬೇಕು." ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಬೀಳುವುದು ಅಗೆತದ ನಡುಮಧ್ಯಕ್ಕೇ. ಆ ರಜೆಯನ್ನು ನಾನು ವರ್ಷದ ಆರಂಭದಲ್ಲೇ ಬರೆದುಕೊಟ್ಟುಬಿಡುತ್ತೇನೆ. ಅದರ ಬಗ್ಗೆ ಮತ್ತೆ ಚರ್ಚೆಯಿಲ್ಲ.

ಅತ್ತೆಯಂಥವರು ಮನೆಯಲ್ಲಿಲ್ಲದವರಿಗೆ ಈ ದಾರಿ ಅರ್ಧಕ್ಕೇ ನಿಲ್ಲುತ್ತದೆ ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅಗೆತಕ್ಕೆ ಬರುವ ಕೂಲಿ ಹೆಂಗಸರನ್ನೇ ನೋಡಿ. ಅವರಿಗೂ ಸಂಸಾರವಿದೆ, ಎಳೆ ಮಕ್ಕಳಿವೆ. ಮಾವಿನ ಕೊಂಬೆಗೆ ಸೀರೆಯ ಜೋಲಿ ಕಟ್ಟಿ, ಮಣ್ಣು ಜರಡಿ ಹಿಡಿಯುತ್ತಲೇ ಆ ಕಡೆ ಒಂದು ಕಣ್ಣು ಇಟ್ಟಿರುತ್ತಾರೆ. ನಾನು ಮುಂದಾಳುತನ ವಹಿಸುವ ಜಾಗಗಳಲ್ಲಿ ಅವರಲ್ಲೇ ಒಬ್ಬರಿಗೆ ಅದೇ ಕೂಲಿಯ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಒಪ್ಪಿಸುತ್ತೇನೆ. ಇದರಲ್ಲಿ ನನ್ನ ಹೊಸ ಶೋಧವೇನೂ ಇಲ್ಲ. ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಬೇಕೆಂದು 2005ರ ಉದ್ಯೋಗ ಖಾತರಿ ಕಾಯ್ದೆಯೇ ಹೇಳಿತ್ತು. ಮಕ್ಕಳ ಚಿಂತೆ ತಪ್ಪಿದ ತಾಯಂದಿರು ಜರಡಿಯಲ್ಲಿ ಕಾಳಿನಷ್ಟು ಸಣ್ಣ ಮಣಿಯನ್ನೂ ಬಿಡುವುದಿಲ್ಲ.

ಇನ್ನು ಬರವಣಿಗೆ. ನನ್ನ ಬಳಿ ಎರಡು ಪುಸ್ತಕಗಳಿವೆ, ಅವನ್ನು ಎಂದೂ ಕಲಸುವುದಿಲ್ಲ. ಮೊದಲನೆಯದು ಇಲಾಖೆಯ ಫೀಲ್ಡ್ ನೋಟ್‌ಬುಕ್. ಅದರಲ್ಲಿ ಪೆನ್ಸಿಲ್ ಮಾತ್ರ. ಬೆವರಿಗೂ ಮಂಜಿಗೂ ಶಾಯಿ ಹರಡುತ್ತದೆ, ಪೆನ್ಸಿಲ್ ಅಲ್ಲಾಡುವುದಿಲ್ಲ. ಎಡ ಪುಟದಲ್ಲಿ ಕಂಡದ್ದು: ಯಾವ ಟ್ರೆಂಚ್, ಎಷ್ಟು ಆಳ, ಮಣ್ಣಿನ ಬಣ್ಣ, ಗಟ್ಟಿಯೋ ಸಡಿಲವೋ, ಏನು ಸಿಕ್ಕಿತು, ಯಾವುದರ ಮೇಲೆ ಯಾವುದು ಕೂತಿತ್ತು. ಬಲ ಪುಟದಲ್ಲಿ ನನ್ನ ಊಹೆ. ಇದನ್ನು ಕೈಕಾಲು ತೊಳೆಯುವ ಮೊದಲೇ, ಟ್ರೆಂಚಿನ ದಡದಲ್ಲಿ ಕುಳಿತು ಬರೆದು ಮುಗಿಸುತ್ತೇನೆ. ತೊಳೆದು ನೆರಳಲ್ಲಿ ಒಣಗಿಸಿದ ಮಡಕೆಚೂರಿನ ಒಳಮೈ ಮೇಲೆ ಜಾಗದ ಸಂಕೇತ, ಟ್ರೆಂಚ್ ಮತ್ತು ಸ್ತರದ ಸಂಖ್ಯೆಗಳನ್ನು ಬರೆಯುವ ಕೆಲಸವನ್ನೂ ಮರುದಿನಕ್ಕೆ ಬಿಡುವುದಿಲ್ಲ. ಸ್ತರದ ಸಂಖ್ಯೆ ತಪ್ಪಿದ ಚೂರು ಯಾವ ಕಾಲದ್ದೆಂದು ಹೇಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಸಂಜೆಯ ಕೆಲಸ ಸಂಜೆಗೇ ಮುಗಿದರೆ ರಾತ್ರಿ ಮಗಳ ಜೊತೆ ಫೋನಿನಲ್ಲಿ ಮಾತಾಡುವಾಗ ತಲೆಯಲ್ಲಿ ಟ್ರೆಂಚ್ ಇರುವುದಿಲ್ಲ. ನನ್ನ ಮಟ್ಟಿಗೆ ಮನೆಗೆ ದೊಡ್ಡ ಉಪಕಾರ ಮಾಡಿದ್ದು ಈ ಅಭ್ಯಾಸವೇ.

ಎರಡನೆಯದು ನನ್ನ ಸ್ವಂತದ ಪುಸ್ತಕ. ಫೀಲ್ಡ್ ನೋಟ್‌ಬುಕ್ಕಿನಲ್ಲಿ ಜಾಗವಿಲ್ಲದ್ದೆಲ್ಲ ಇದಕ್ಕೆ ಬರುತ್ತದೆ. ಒಮ್ಮೆ ಬನವಾಸಿಯ ಕಡೆ ಒಂದು ಮಡಕೆಯ ಬಾಯಿಯ ಭಾಗ ಸಿಕ್ಕಿತು, ಹೊರಗೆ ಮಸಿ ಹಿಡಿದಿತ್ತು. ಜರಡಿ ಹಿಡಿಯುತ್ತಿದ್ದ ಹಿರಿಯಾಕೆ ಅದನ್ನು ತಿರುಗಿಸಿ ನೋಡಿ, ಇಷ್ಟು ಅಗಲ ಬಾಯಿಯದು ಅನ್ನ ಮಾಡಲಿಕ್ಕಲ್ಲ, ನೀರು ಕಾಯಿಸಲಿಕ್ಕೆ ಎಂದಳು. ಪಕ್ಕದವಳು ಒಪ್ಪಲಿಲ್ಲ. ಮದುವೆ ಮನೆಯ ಅನ್ನಕ್ಕೆ ಅಗಲ ಬಾಯಿಯೇ ಬೇಕು, ಸೌಟು ತಿರುಗಬೇಡವೇ ಎಂದು ವಾದಕ್ಕೆ ಇಳಿದಳು. ಬಾಯಿಯ ಅಗಲ, ಮಸಿಯ ಜಾಗ ಎಡ ಪುಟಕ್ಕೆ ಹೋಯಿತು. ಎರಡು ಊಹೆಗಳೂ ಬಲ ಪುಟಕ್ಕೆ ಹೋದವು, ಯಾಕೆಂದರೆ ಎರಡೂ ತೂಕದ ಮಾತುಗಳು. ಆದರೆ ಆ ಇಬ್ಬರ ವಾದದ ಧಾಟಿ, ಮಡಕೆಯನ್ನು ಸೊಂಟದ ಮೇಲೆ ಇಟ್ಟಂತೆ ಕೈ ಮಾಡಿ ತೋರಿಸಿದ ರೀತಿ, ಅದು ನನ್ನ ಪುಸ್ತಕಕ್ಕೆ ಬಂತು. ಮುಂದೆ ಅದೇ ಒಂದು ಕತೆಯ ಮೊದಲ ಪುಟವಾಯಿತು.

ಅಗೆತದ ತಿಂಗಳುಗಳಲ್ಲಿ ಈ ಪುಸ್ತಕದಲ್ಲಿ ವಾಕ್ಯ ಕಟ್ಟುವುದಿಲ್ಲ. ಮಾತು, ಹೆಸರು, ಬಣ್ಣ, ಇಷ್ಟೇ ಗುರುತು ಹಾಕಿಕೊಳ್ಳುತ್ತೇನೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಬಸ್ಸಿನೊಳಗೆ ಅದೂ ಸಾಧ್ಯವಿಲ್ಲ. ಕುಮಟಾದಿಂದ ಕಾರವಾರದ ಸಭೆಗೆ ರೈಲಿನಲ್ಲಿ ಹೋಗುವಾಗ ಸಾಧ್ಯ. ಹಾಗಾಗಿ ಘಟ್ಟ ಇಳಿಯುವಾಗ ಯೋಚನೆ, ರೈಲಿನಲ್ಲಿ ಟಿಪ್ಪಣಿ ಎಂದು ಅದೂ ಒಂದು ಕ್ರಮವಾಗಿದೆ.

ಮಳೆಗಾಲದಲ್ಲಿ ಇನ್ನೊಂದು ತೊಂದರೆ: ಕಚೇರಿಯಲ್ಲೂ ಬರೆಯುವುದೇ ಕೆಲಸ. ದಿನವಿಡೀ ವರದಿ ಬರೆದ ಕೈ ಸಂಜೆಗೆ ಕತೆ ಬರೆಯಲು ಒಲ್ಲೆ ಎನ್ನುತ್ತದೆ. ಅದಕ್ಕೆ ನನ್ನ ಬರವಣಿಗೆಯನ್ನು ಬೆಳಗಿನ ದೋಸೆ-ಚಹ ಮುಗಿದು ಮಗಳು ಶಾಲೆಗೆ ಹೊರಟ ಮೇಲೆ, ಕಚೇರಿಗೆ ಹೊರಡುವ ನಡುವಿನ ಹೊತ್ತಿಗೆ ತಂದಿದ್ದೇನೆ. ಒಂದು ಪುಟವಾದರೆ ಸಾಕು. ವರದಿ ನನ್ನ ಗದ್ಯಕ್ಕೆ ಉಪಕಾರವನ್ನೇ ಮಾಡಿದೆ ಎಂದು ನಂಬಿದ್ದೇನೆ. "ಭವ್ಯ", "ಅದ್ಭುತ" ಎಂದು ವರದಿಯಲ್ಲಿ ಬರೆಯುವಂತಿಲ್ಲ. ಉದ್ದ ಎಷ್ಟು, ಕಲ್ಲು ಯಾವುದು, ಎಲ್ಲಿ ಒಡೆದಿದೆ ಎಂದು ಹೇಳಬೇಕು. ಆ ಕಟ್ಟುನಿಟ್ಟು ಪ್ರಬಂಧಕ್ಕೂ ಇಳಿದು ಬಂದಿದೆ.

ಬನವಾಸಿಯ ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ನಾಗಶಿಲೆಯ ಬಗ್ಗೆ ಬರೆಯುವಾಗ ಇದು ನನಗೆ ಸ್ಪಷ್ಟವಾಯಿತು. ಕದಂಬರಿಗಿಂತ ಹಿಂದಿನ ಚುಟು ವಂಶದ ಕಾಲದ ಕಲ್ಲು, ಐದು ಹೆಡೆಯ ನಾಗ, ಅಂಚಿನಲ್ಲಿ ಪ್ರಾಕೃತ ಭಾಷೆಯ ಬ್ರಾಹ್ಮೀ ಬರಹ. ಶಿವಸ್ಕಂದನಾಗಶ್ರೀ ಎಂಬ ರಾಜಕುಮಾರಿ ನಾಗ, ಕೆರೆ, ವಿಹಾರಗಳನ್ನು ದಾನ ಮಾಡಿದ್ದನ್ನು ಅದು ಹೇಳುತ್ತದೆ. ಕೆತ್ತಿದ ಶಿಲ್ಪಿ ನಟಕನ ಹೆಸರನ್ನೂ ಹೇಳುತ್ತದೆ. ಕೊಟ್ಟವಳ ಹೆಸರು ಮತ್ತು ಕೈಯಿಂದ ಮಾಡಿದವನ ಹೆಸರು ಒಂದೇ ಕಲ್ಲಿನಲ್ಲಿ ಉಳಿದಿರುವುದು ನನಗೆ ಇಂದಿಗೂ ರೋಮಾಂಚನದ ಸಂಗತಿ. ಅವಳು ಹೇಗಿದ್ದಳು, ಏನು ಯೋಚಿಸಿದಳು ಎಂದು ಬರೆಯುವ ಆಸೆ ಬಹಳ ಇತ್ತು. ಬರೆಯಲಿಲ್ಲ. ಕಲ್ಲು ಹೇಳಿದ್ದನ್ನು ಹೇಳಿ, ಅದರ ಮುಂದೆ ನಿಂತ ನನ್ನ ಮನಸ್ಸನ್ನು ನನ್ನದೆಂದೇ ಬರೆದೆ. ಗುಡ್ನಾಪುರದಲ್ಲಿರುವ ಕದಂಬ ದೊರೆ ರವಿವರ್ಮನ ಸ್ತಂಭಶಾಸನದಲ್ಲಿ ಅರಮನೆ, ಅಂತಃಪುರ, ನೃತ್ಯಶಾಲೆಗಳ ಮಾತು ಬರುತ್ತದೆ. ಅಲ್ಲಿ ಕುಣಿದವರ ಕತೆ ಬರೆದರೆ ಅದನ್ನು ಕತೆ ಎಂದೇ ಹೆಸರಿಸಿ ಕೊಡುತ್ತೇನೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಆಕೆಯ ಸುತ್ತ ಜನ ಕಟ್ಟಿದ ಕತೆಗಳು ತುಂಬ ಇವೆ. ಇಲಾಖೆಯಲ್ಲಿರುವವಳು ಬರೆದಳೆಂದರೆ ಓದುಗರು ಕತೆಯನ್ನೂ ಇತಿಹಾಸವೆಂದೇ ನಂಬುತ್ತಾರೆ. ಆ ನಂಬಿಕೆಯನ್ನು ಕಾಯುವುದು ನನ್ನ ಕರ್ತವ್ಯ.

ಇನ್ನೂ ಎರಡು ಕಟ್ಟುಪಾಡುಗಳಿವೆ. ವರದಿಯಾಗದ ಶೋಧವನ್ನು ನನ್ನ ಬರಹದಲ್ಲಿ ತರುವುದಿಲ್ಲ. ರಕ್ಷಣೆಯಿಲ್ಲದ ಕಲ್ಲು, ಬಸದಿ, ಗುಡಿ ಎಲ್ಲಿದೆ ಎಂಬ ಗುರುತನ್ನು ಎಷ್ಟು ಒತ್ತಾಯ ಮಾಡಿದರೂ ಬರೆಯುವುದಿಲ್ಲ. ನಿಧಿಗಳ್ಳರು ಲಿಂಗದ ಪೀಠ ಕಿತ್ತು, ವೀರಗಲ್ಲು ಉರುಳಿಸಿ ಹೋದ ಜಾಗಗಳನ್ನು ಕಣ್ಣಾರೆ ಕಂಡವಳು ನಾನು. ಒಂದು ಚೆಂದದ ಪ್ಯಾರಾ ಅವರಿಗೆ ದಾರಿ ತೋರಿಸಬಾರದು. ಸರ್ಕಾರಿ ನೌಕರರ ನಡತೆ ನಿಯಮಗಳನ್ನೂ ಓದಿಕೊಂಡಿದ್ದೇನೆ. ಅನುಮತಿ ಕೇಳಬೇಕಾದಲ್ಲಿ ಮೊದಲೇ ಕೇಳುತ್ತೇನೆ.

ಮಗಳನ್ನು ಕೆಲಸದಿಂದ ದೂರವಿಡಬೇಕೆಂದು ನನಗೆ ಎಂದೂ ಅನಿಸಿಲ್ಲ. ಶಾಸನದ ಪಡಿಯಚ್ಚು ತೆಗೆಯುವ ಕೆಲಸ ರಜಾದಿನಕ್ಕೆ ಬಿದ್ದರೆ ಅವಳೂ ಜೊತೆಗೆ ಬರುತ್ತಾಳೆ. ಕಲ್ಲನ್ನು ನೀರು ಹಾಕಿ ಬ್ರಶ್‌ನಿಂದ ತಿಕ್ಕಿ ಪಾಚಿ, ಮಣ್ಣು ತೆಗೆಯಬೇಕು. ಒದ್ದೆ ಕಾಗದವನ್ನು ಸುಕ್ಕು ಬೀಳದಂತೆ ಹಾಸಬೇಕು. ಮೂಲೆ ಹಿಡಿಯುವ ಕೆಲಸ ಅವಳದು. ಆಮೇಲೆ ದಪ್ಪ ಕೂದಲಿನ ಬ್ರಶ್‌ನಿಂದ ಬಡಿಯುತ್ತ ಹೋದರೆ ಕಾಗದ ಅಕ್ಷರದ ಕುಳಿಗಳೊಳಗೆ ಇಳಿಯುತ್ತದೆ. ಅರೆಬರೆ ಒಣಗಿದ ಮೇಲೆ ಶಾಯಿ ಅದ್ದಿದ ದಿಂಡಿನಿಂದ ಮೆಲ್ಲಗೆ ತಟ್ಟಬೇಕು. ಕಾಗದದ ಮೇಲೆ ಕಲ್ಲಿನ ಮೈ ಕಪ್ಪಾಗಿ ಮೂಡುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಹಳಗನ್ನಡದ ಒಂದು ವೀರಗಲ್ಲಿನ ಮುಂದೆ ಅವಳು, "ಆಯಿ, ಇದು 'ತುಱು' ಅಲ್ಲವಾ?" ಎಂದು ತಾನಾಗಿ ಓದಿ ಕೇಳಿದಳು. ತುಱು ಎಂದರೆ ದನ. ದನಗಳನ್ನು ಬಿಡಿಸಲು ಹೋಗಿ ಸತ್ತವನ ಕಲ್ಲು ಅದು. ಆ ದಿನ ಅವಳು ಮನೆಗೆ ಹೋಗುವವರೆಗೂ ಆ ಸತ್ತವನ ಹೆಂಡತಿ-ಮಕ್ಕಳ ಬಗ್ಗೆಯೇ ಕೇಳುತ್ತಿದ್ದಳು.

ಬಿಟ್ಟುಕೊಟ್ಟದ್ದೂ ಇದೆ. ವೈಶಾಖದ ಮದುವೆಗಳಿಗೆ ಹತ್ತಿರದವರ ಮನೆಗಳನ್ನು ಬಿಟ್ಟು ಹೋಗುವುದಿಲ್ಲ. ಉಪನ್ಯಾಸದ ಕರೆಗಳನ್ನು ಮಳೆಗಾಲದಲ್ಲಿ ಒಪ್ಪುವುದಿಲ್ಲ, ಆ ಸಂಜೆಗಳು ಮನೆಗೆ ಸೇರಿದವು. ಕಾದಂಬರಿ ಬರೆಯಿರಿ ಎನ್ನುತ್ತಾರೆ. ನಾಲ್ಕು ತಿಂಗಳಲ್ಲಿ ಮುಗಿಯುವುದನ್ನು ಮಾತ್ರ ಕೈಗೆತ್ತಿಕೊಳ್ಳುವುದು ನನ್ನ ಪದ್ಧತಿ. ಅಗೆತದ ಕಾಲ ಬಂದಾಗ ಅರ್ಧ ಬರೆದದ್ದು ಮೇಜಿನ ಮೇಲಿದ್ದರೆ ಟ್ರೆಂಚಿನಲ್ಲೂ ಮನಸ್ಸು ನಿಲ್ಲುವುದಿಲ್ಲ.

ಬರುವ ವರ್ಷ ಮಗಳಿಗೆ ಎಸ್ಎಸ್ಎಲ್‌ಸಿ. ಪರೀಕ್ಷೆ ಬರುವುದು ಅಗೆತ ಭರದಲ್ಲಿರುವ ಕಾಲಕ್ಕೇ. ಸಹೋದ್ಯೋಗಿಯೊಬ್ಬರ ಜೊತೆ ಈಗಲೇ ಮಾತಾಡಿದ್ದೇನೆ: ಉತ್ಖನನದ ಶಿಬಿರ ಅವರು ನೋಡಿಕೊಳ್ಳುತ್ತಾರೆ, ನಾನು ಶಿರಸಿ ತಾಲ್ಲೂಕಿನ ಗ್ರಾಮವಾರು ಸಮೀಕ್ಷೆ ತೆಗೆದುಕೊಂಡು ದಿನಾ ಮನೆಗೆ ಮರಳುತ್ತೇನೆ. ಅದರ ಮುಂದಿನ ವರ್ಷ ಅವರ ಮನೆಯಲ್ಲಿ ಮದುವೆ, ಆಗ ಕರಾವಳಿಯ ಶಿಬಿರ ನನ್ನದು. ಇಬ್ಬರೂ ಸೇರಿ ಮೇಲಧಿಕಾರಿಗೆ ಕೊಡುವ ಪತ್ರ ಸಿದ್ಧವಿದೆ, ಸೋಮವಾರ ಕೊಡುತ್ತೇವೆ.