ಏಪ್ರಿಲ್ ಮ್ಯಾರಥಾನ್‌ಗೆ ಮಾರ್ಚ್ ತಿಂಗಳ ಒಂದು ವಾರ

ಏಪ್ರಿಲ್ ಕೊನೆಯಲ್ಲಿ ನಡೆಯುವ ಲಂಡನ್ ಮ್ಯಾರಥಾನ್‌ಗೆ ಬೆಂಗಳೂರಿನಲ್ಲಿದ್ದುಕೊಂಡು ಸಿದ್ಧರಾಗುವವರಿಗೆ ಒಂದು ಅನನುಕೂಲವಿದೆ. ಅಲ್ಲಿ ಚಳಿ ಕಳೆದು ವಸಂತ ಕಾಲಿಡುವ ಹೊತ್ತಿಗೆ ಇಲ್ಲಿ ಬೇಸಿಗೆ ಏರುತ್ತಿರುತ್ತದೆ. ತರಬೇತಿಯ ಅತಿ ಭಾರದ ವಾರಗಳು ಮಾರ್ಚ್ ತಿಂಗಳಿಗೇ ಬಂದು ಬೀಳುತ್ತವೆ. ಕಬ್ಬನ್ ಪಾರ್ಕಿನ ಸುತ್ತ ಭಾನುವಾರ ಓಡುವವರನ್ನು ಗಮನಿಸುತ್ತ ಬಂದಿರುವ ನನಗೆ ತೋರಿರುವಂತೆ, ಇಷ್ಟು ತಿಂಗಳ ತಯಾರಿ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ನಿಧಾನವಾಗಿ ಓಡಬೇಕಾದ ದಿನ ಯಾರೂ ನಿಧಾನವಾಗಿ ಓಡುವುದಿಲ್ಲ. ಆದ್ದರಿಂದ ಓಟಕ್ಕೆ ಆರು ವಾರ ಉಳಿದಿರುವಾಗಿನ ಒಂದು ವಾರವನ್ನು ಇಲ್ಲಿ ದಿನ ದಿನವಾಗಿ ವಿವರಿಸಿದ್ದೇನೆ. ಈಗಾಗಲೇ ವಾರಕ್ಕೆ 50 ಕಿಲೋಮೀಟರಿಗಿಂತ ಹೆಚ್ಚು ಓಡುತ್ತಿರುವ, ನಾಲ್ಕು ಗಂಟೆಯೊಳಗೆ ಮುಗಿಸಬೇಕೆಂದಿರುವ ಓಟಗಾರರಿಗೆ ಇದು ಹೊಂದುತ್ತದೆ.

ಮೊದಲು ಲೆಕ್ಕ. 42.195 ಕಿ.ಮೀ. ದೂರವನ್ನು ನಾಲ್ಕು ಗಂಟೆಯಲ್ಲಿ ಮುಗಿಸಲು ಪ್ರತಿ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡ್ ಬೇಕು. ಇದನ್ನು ಓಟದ ಪೇಸ್ ಎನ್ನೋಣ. ಈಸಿ ರನ್ ಎನ್ನುವುದು ಇದಕ್ಕಿಂತ ಒಂದು ನಿಮಿಷ ನಿಧಾನವಾಗಿರಬೇಕು, ಅಂದರೆ 6 ನಿಮಿಷ 40 ಸೆಕೆಂಡಿನ ಆಸುಪಾಸು. ಪಕ್ಕದವರೊಡನೆ ಪೂರ್ಣ ವಾಕ್ಯಗಳಲ್ಲಿ, ಏದುಸಿರಿಲ್ಲದೆ ಮಾತನಾಡಲು ಸಾಧ್ಯವಾದರೆ ನಿಮ್ಮ ವೇಗ ಸರಿಯಾಗಿದೆ. ಮಣಿಕಟ್ಟಿನ ವಾಚ್ ತೋರಿಸುವ ಹೃದಯಬಡಿತವನ್ನು ಬೆವರಿದ ಕೈಯಲ್ಲಿ ನಾನು ನಂಬುವುದಿಲ್ಲ, ಉಸಿರನ್ನು ನಂಬುತ್ತೇನೆ.

ಸೋಮವಾರ ವಿಶ್ರಾಂತಿ. ನಡೆದಾಡಿ, ನಿದ್ದೆ ಮಾಡಿ, ಅಷ್ಟೇ.

ಮಂಗಳವಾರ ವಾರದ ಮೊದಲ ಕಠಿಣ ದಿನ. ಎರಡೂವರೆ ಕಿಲೋಮೀಟರ್ ನಿಧಾನವಾಗಿ ಓಡಿ ಮೈ ಕಾಯಿಸಿದ ಮೇಲೆ, ಒಂದೊಂದು ಕಿಲೋಮೀಟರಿನ ಐದು ಓಟಗಳನ್ನು ತಲಾ 5 ನಿಮಿಷ 5 ಸೆಕೆಂಡಿನಲ್ಲಿ ಮುಗಿಸಬೇಕು. ನಡುವೆ 400 ಮೀಟರ್ ಜಾಗಿಂಗ್, ಕೊನೆಗೆ ಎರಡು ಕಿಲೋಮೀಟರ್ ನಿಧಾನ ಓಟ, ಒಟ್ಟು ಹೆಚ್ಚುಕಡಿಮೆ 11 ಕಿ.ಮೀ. ಕಂಠೀರವ ಕ್ರೀಡಾಂಗಣದ ಟ್ರ್ಯಾಕ್ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ವಾಹನವಿಲ್ಲದ ಸಮತಟ್ಟಾದ ಯಾವ ದಾರಿಯಾದರೂ ಸಾಕು. ಐದನೆಯ ಓಟವು ಮೊದಲನೆಯದಕ್ಕಿಂತ ನಿಧಾನವಾಯಿತೆಂದರೆ ಆರಂಭದಲ್ಲಿ ಆತುರಪಟ್ಟಿದ್ದೀರಿ ಎಂದು ತಿಳಿಯಿರಿ.

ಬುಧವಾರ 8 ಕಿ.ಮೀ. ಈಸಿ. ಗುರುವಾರ 12 ಕಿ.ಮೀ., ಇದೂ ಹೆಚ್ಚುಕಡಿಮೆ ಈಸಿಯೇ, ಆದರೆ ಒಂದೆರಡು ಸೌಮ್ಯ ಇಳಿಜಾರುಗಳಿರುವ ದಾರಿಯಲ್ಲಿ. ಲಂಡನ್ ಓಟವು ಗ್ರೀನಿಚ್ ಬಳಿ ಆರಂಭವಾಗಿ ಮೊದಲ ಐದು ಕಿಲೋಮೀಟರಿನಲ್ಲಿ ಕೆಳಮುಖವಾಗಿ ಸಾಗುತ್ತದೆ. ಇಳಿಜಾರಿನಲ್ಲಿ ಪುಟ್ಟ ಹೆಜ್ಜೆಗಳನ್ನಿಟ್ಟು, ವೇಗವನ್ನು ತಡೆದು ಓಡುವ ಅಭ್ಯಾಸವಿಲ್ಲದವರ ತೊಡೆಗಳು ಅದರ ಬೆಲೆಯನ್ನು ಮೂವತ್ತನೆಯ ಕಿಲೋಮೀಟರಿನಲ್ಲಿ ತೆರುತ್ತವೆ. ಅನೇಕ ಯೋಜನೆಗಳು ಗುರುವಾರವೂ ಒಂದು ವೇಗದ ಓಟವನ್ನು ಸೇರಿಸುತ್ತವೆ. ಭಾನುವಾರದ ಓಟದಲ್ಲೇ ಓಟದ ಪೇಸ್ ಸೇರಿರುವ ವಾರದಲ್ಲಿ ಅದು ಬೇಡವೆಂಬುದು ನನ್ನ ದೃಢ ಅಭಿಪ್ರಾಯ. ನಲವತ್ತು ಗಂಟೆ ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ದೇಹಕ್ಕೆ ವಾರಕ್ಕೆ ಎರಡು ಕಠಿಣ ದಿನಗಳೇ ಸಾಕು.

ಶುಕ್ರವಾರ ಓಟವಿಲ್ಲ, ಇಪ್ಪತ್ತು ನಿಮಿಷದ ವ್ಯಾಯಾಮವಿದೆ: ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಅದನ್ನೇ ಮಂಡಿ ಬಗ್ಗಿಸಿ ಮತ್ತೊಮ್ಮೆ, ಒಂದು ಕಾಲಿನ ಮೇಲೆ ನಿಧಾನವಾಗಿ ಮೆಟ್ಟಿಲಿಳಿಯುವುದು. ಇದನ್ನು ಬಿಟ್ಟು ಕಾಲಿಗೆ ಬಿಗಿ ಕಾಲುಚೀಲ, ಬಣ್ಣದ ಟೇಪು, ಗುಡುಗುಡು ಮಸಾಜ್ ಯಂತ್ರ ಎಂದು ಸಾವಿರಾರು ರೂಪಾಯಿ ಚೆಲ್ಲುವವರನ್ನು ಕಂಡರೆ ಅಯ್ಯೋ ಎನಿಸುತ್ತದೆ, ಮೆಟ್ಟಿಲಿಗೆ ಖರ್ಚಿಲ್ಲ.

ಶನಿವಾರ 6 ಕಿ.ಮೀ. ಈಸಿ, ರಾತ್ರಿ ಎಂಟಕ್ಕೆ ಮೊದಲೇ ಊಟ. ಅನ್ನ, ತಿಳಿಸಾರು, ಸ್ವಲ್ಪ ಮೊಸರು. ಹುರುಳಿ ಸಾರು, ಕಾಳುಪಲ್ಯ, ಸೊಪ್ಪಿನ ಹುಳಿ, ಎಣ್ಣೆ ತಿಂಡಿ ಇವೆಲ್ಲ ಅತ್ಯುತ್ತಮ ಆಹಾರವೇ ಆದರೂ ಅಂದು ರಾತ್ರಿ ಬೇಡ. ನಾರಿನಂಶ ಹೆಚ್ಚಾದರೆ ಮರುದಿನ ನಡುದಾರಿಯಲ್ಲಿ ಶೌಚಾಲಯ ಹುಡುಕಬೇಕಾಗುತ್ತದೆ, ಮತ್ತು ಬೆಳಗಿನ ಐದೂವರೆಗೆ ನಮ್ಮ ಊರಿನಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ.

ಇನ್ನು ಭಾನುವಾರ. ಲಾಂಗ್ ರನ್ ಎಂದು ಎಲ್ಲರೂ ಕರೆಯುವ ಈ ಓಟದ ದೂರ 28 ಕಿ.ಮೀ. ವಾರ ಕೆಡುವುದು ಬಹುತೇಕ ಇಲ್ಲಿಯೇ ಆದ್ದರಿಂದ ನಿಧಾನವಾಗಿ ವಿವರಿಸುತ್ತೇನೆ.

ನಾಲ್ಕು ಗಂಟೆಗೆ ಏಳಬೇಕು. ಜಾಮ್ ಸವರಿದ ಎರಡು ತುಂಡು ಬ್ರೆಡ್, ಒಂದು ಬಾಳೆಹಣ್ಣು, ಅಭ್ಯಾಸವಿದ್ದರೆ ಅರ್ಧ ಲೋಟ ಕಾಫಿ. ಖಾಲಿ ಹೊಟ್ಟೆಯಲ್ಲಿ ಓಡಿದರೆ ಕೊಬ್ಬು ಕರಗುತ್ತದೆ ಎಂಬ ಉಪದೇಶವನ್ನು ಈ ದಿನ ಪಾಲಿಸಬಾರದು. ಸ್ನಾಯು ಮತ್ತು ಯಕೃತ್ತಿನಲ್ಲಿ ದೇಹ ಕೂಡಿಟ್ಟಿರುವ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಮಿತವಾದುದು. ರಾತ್ರಿಯ ಉಪವಾಸದಲ್ಲಿ ಯಕೃತ್ತಿನ ಪಾಲು ಸಾಕಷ್ಟು ಖರ್ಚಾಗಿರುತ್ತದೆ. ಅದನ್ನು ತುಂಬದೆ ಹೊರಟವರು ಓಟದ ಪೇಸ್ ಆರಂಭವಾಗುವ ಹೊತ್ತಿಗೆ ಬರಿಗೈಯಲ್ಲಿರುತ್ತಾರೆ.

ನಾಲ್ಕೂ ಮುಕ್ಕಾಲಿಗೆ ಓಟ ಆರಂಭಿಸಿದರೆ ಏಳೂ ಮುಕ್ಕಾಲಿಗೆ ಮುಗಿಯುತ್ತದೆ. ಮಾರ್ಚ್ ನಡುವಿನಲ್ಲಿ ಬೆಂಗಳೂರಿನ ಸೂರ್ಯೋದಯ ಆರೂವರೆಯ ಹೊತ್ತಿಗಾಗುವುದರಿಂದ ಬಿಸಿಲಿನಲ್ಲಿ ಓಡಬೇಕಾದದ್ದು ಕೊನೆಯ ಒಂದು ಗಂಟೆ ಮಾತ್ರ. ಉದ್ದದ ದಾರಿಗಿಂತ ನಾಲ್ಕೈದು ಕಿಲೋಮೀಟರಿನ ಸುತ್ತುಗಳನ್ನೇ ಆರಿಸಿಕೊಳ್ಳಿ. ನೀರು, ತಿನಿಸು ಒಂದೇ ಕಡೆ ಇಡಬಹುದು, ಕಾಲು ಉಳುಕಿದರೆ ಅಲ್ಲಿಗೇ ನಿಲ್ಲಿಸಬಹುದು, ಕತ್ತಲಲ್ಲಿ ನಾಯಿಗಳಿರುವ ಮೂಲೆ ಯಾವುದು, ಕಲ್ಲುಚಪ್ಪಡಿ ಎದ್ದಿರುವ ಫುಟ್‌ಪಾತ್ ಯಾವುದು ಎಂಬುದು ಮೊದಲ ಸುತ್ತಿನಲ್ಲೇ ತಿಳಿದುಬಿಡುತ್ತದೆ. ದಟ್ಟ ಮರಗಳ ಕೆಳಗೆ ವಾಚ್‌ನ ಜಿಪಿಎಸ್ ತಪ್ಪು ಹೇಳುತ್ತದೆಯಾದ್ದರಿಂದ ಸುತ್ತಿನ ದೂರವನ್ನು ಮೊದಲೇ ಅಳೆದಿಟ್ಟುಕೊಂಡು ಸುತ್ತಿನ ಲೆಕ್ಕದಲ್ಲೇ ಪೇಸ್ ನೋಡಿ.

ಮೊದಲ 3 ಕಿ.ಮೀ. ತಲಾ ಏಳು ನಿಮಿಷ. ಮುಂದಿನ 17 ಕಿ.ಮೀ. ತಲಾ 6 ನಿಮಿಷ 40 ಸೆಕೆಂಡ್. ಕೊನೆಯ 8 ಕಿ.ಮೀ. ಓಟದ ಪೇಸ್. ಕಾಗದದ ಮೇಲೆ ಇಷ್ಟು ಸರಳವಾಗಿರುವುದು ರಸ್ತೆಯಲ್ಲಿ ಕೆಡುವ ಬಗೆ ಹೀಗೆ: ಗುಂಪು ಒಟ್ಟಿಗೆ ಹೊರಡುತ್ತದೆ, ಮಾತಿನ ಭರದಲ್ಲಿ ವೇಗ ಏರುತ್ತದೆ, ಮೂರೂವರೆ ಗಂಟೆಯ ಗುರಿಯವರೊಬ್ಬರು ಮುಂದಿದ್ದಾರೆಂದು ನಾಲ್ಕು ಗಂಟೆಯವರು ಅವರ ಬೆನ್ನು ಹಿಡಿಯುತ್ತಾರೆ, ಹತ್ತು ಕಿಲೋಮೀಟರಿಗೆಲ್ಲ ಪೇಸ್ 6 ನಿಮಿಷಕ್ಕೆ ಇಳಿದಿರುತ್ತದೆ. ಈ ವೇಗ ನಿಧಾನವೂ ಅಲ್ಲ, ಓಟದ ಪೇಸ್ ಕೂಡ ಅಲ್ಲ. ಎರಡರ ಲಾಭವನ್ನೂ ಕೊಡದೆ ಎರಡರ ದಣಿವನ್ನೂ ಕೊಡುತ್ತದೆ. ಆಮೇಲೆ ನೀರಿನ ಮೇಜಿನ ಬಳಿ ಐದು ನಿಮಿಷದ ಹರಟೆ, ಒಂದು ಸೆಲ್ಫಿ. ಅಷ್ಟು ಹೊತ್ತೂ ವಾಚ್ ತಾನಾಗಿಯೇ ನಿಂತಿರುವುದರಿಂದ ದಾಖಲೆಯಲ್ಲಿ ಎಲ್ಲವೂ ಅಂದವಾಗಿ ಕಾಣುತ್ತದೆ. ನೀವು ನಿಂತಾಗ ತಾನೂ ನಿಲ್ಲುವ, ವಾಚ್‌ನ ಆಟೋ ಪಾಝ್ ಸೌಲಭ್ಯವನ್ನು ಇಂದೇ ಬಂದ್ ಮಾಡಿ. ಲಂಡನ್‌ನಲ್ಲಿ ನಿಮಗಾಗಿ ಗಡಿಯಾರ ನಿಲ್ಲುವುದಿಲ್ಲ.

ಇಪ್ಪತ್ತನೆಯ ಕಿಲೋಮೀಟರಿನಲ್ಲಿ ವೇಗ ಏರಿಸುವಾಗ ಒಮ್ಮೆಲೇ ನುಗ್ಗಬಾರದು. ಮೊದಲ ಕಿಲೋಮೀಟರನ್ನು ಆರು ನಿಮಿಷದಲ್ಲಿ ಮುಗಿಸಿ ನಂತರ 5:41ಕ್ಕೆ ಬನ್ನಿ. ಈ ವೇಗ ಆರಾಮವಾಗಿದೆ ಎನಿಸಿದರೂ ಇನ್ನಷ್ಟು ಏರಿಸಬೇಡಿ. ಬಿಸಿಲು ಬಂದು ಉಸಿರು ಹಿಡಿತ ತಪ್ಪುತ್ತಿದ್ದರೆ 5:50ಕ್ಕೆ ಇಳಿಯುವುದು ಸೋಲಲ್ಲ. ದೇಹ ತನ್ನನ್ನು ತಂಪಾಗಿಟ್ಟುಕೊಳ್ಳಲು ರಕ್ತವನ್ನು ಚರ್ಮದ ಕಡೆಗೆ ಹರಿಸುವಾಗ ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿದುಕೊಳ್ಳಬೇಕಾಗುತ್ತದೆ. ಲಂಡನ್‌ನ ತಂಪಿನಲ್ಲಿ ಆ ಹೊರೆ ಕಡಿಮೆಯಾಗಿರುತ್ತದೆ. ದೂರವನ್ನು ಮಾತ್ರ 32, 35 ಎಂದು ಬೆಳೆಸಲು ಹೋಗಬೇಡಿ. ಈ ಪೇಸಿನವರಿಗೆ ಮೂರು ಗಂಟೆ ದಾಟಿದ ಮೇಲೆ ಸಿಗುವ ಲಾಭಕ್ಕಿಂತ ಚೇತರಿಕೆಗೆ ಹಿಡಿಯುವ ದಿನಗಳೇ ಹೆಚ್ಚು.

ತಿನ್ನುವುದನ್ನೂ ಇದೇ ಓಟದಲ್ಲಿ ಕಲಿಯಬೇಕು. ಗಂಟೆಗೆ 40ರಿಂದ 50 ಗ್ರಾಂ ಕಾರ್ಬೊಹೈಡ್ರೇಟ್ ಗುರಿಯಿರಲಿ. ಓಟಗಾರರಿಗೆಂದು ಪುಟ್ಟ ಪೊಟ್ಟಣದಲ್ಲಿ ಬರುವ ಸಿಹಿ ಪೇಸ್ಟಿನಂಥ ಸಾಮಾನ್ಯ ಜೆಲ್ ಒಂದರಲ್ಲಿ 20ರಿಂದ 25 ಗ್ರಾಂ ಇರುತ್ತದೆ. ಮೊದಲನೆಯದನ್ನು ಓಟ ಆರಂಭವಾಗಿ ಮೂವತ್ತೈದು ನಿಮಿಷಕ್ಕೆ, ನಂತರ ಪ್ರತಿ ಅರ್ಧ ಗಂಟೆಗೊಂದು, ಪ್ರತಿ ಸಲವೂ ಎರಡು ಮೂರು ಗುಟುಕು ನೀರಿನೊಡನೆ. ಸುಸ್ತಾದ ಮೇಲೆ ತಿಂದರೆ ತಡವಾಯಿತೆಂದೇ ಅರ್ಥ. ಜೆಲ್ ಒಗ್ಗದವರಿಗೆ ಬೀಜ ತೆಗೆದ ಸಣ್ಣ ಖರ್ಜೂರ ನಾಲ್ಕು ಸಾಕು, ಅಗಿಯುವಷ್ಟು ಉಸಿರು ಉಳಿದಿರಬೇಕು ಅಷ್ಟೇ. ಕಡಲೆಮಿಠಾಯಿ ರುಚಿಯಾದರೂ ಅದರ ಕೊಬ್ಬು ಹೊಟ್ಟೆಯಲ್ಲಿ ನಿಧಾನಿಸುವುದರಿಂದ ಓಟದ ನಡುವೆ ನಾನು ಶಿಫಾರಸು ಮಾಡುವುದಿಲ್ಲ.

ಬೆವರಿನಲ್ಲಿ ಹೋದ ನೀರು, ಉಪ್ಪನ್ನು ತುಂಬಲು ಕುಡಿಯುವ ಓಆರ್‌ಎಸ್ ವಿಷಯದಲ್ಲಿ ಎರಡು ಎಚ್ಚರಿಕೆ. ಒಂದು ಲೀಟರಿಗೆಂದು ಮಾಡಿದ ಪುಡಿಯನ್ನು ಕಾಲು ಲೀಟರ್ ಬಾಟಲಿಗೆ ಸುರಿದು ಕುಡಿದು ವಾಕರಿಸುವವರು ಬಹಳ. ಮತ್ತೆ, ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳು ಎಷ್ಟೋ ಕಾಲ ಓಆರ್‌ಎಸ್ ಎಂಬ ಹೆಸರಿನಲ್ಲೇ ಮಾರಾಟವಾದವು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದವು ಆ ಹೆಸರನ್ನು ಬಳಸುವಂತಿಲ್ಲವೆಂದು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಹೆಸರಿಗಿಂತ ಹಿಂಬದಿಯ ಪಟ್ಟಿಯನ್ನು ಓದಿ: ಆ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಇರುತ್ತದೆ. ಬಾಯಾರಿಕೆಗೆ ಮೀರಿ ಬರಿಯ ನೀರನ್ನು ಕುಡಿಯುತ್ತಲೇ ಇರುವುದೂ ಅಪಾಯ, ರಕ್ತದ ಸೋಡಿಯಂ ಕುಸಿಯುತ್ತದೆ.

ನೋವು ನಿವಾರಕ ಮಾತ್ರೆ ನುಂಗಿ ಲಾಂಗ್ ರನ್ ಮುಗಿಸುವ ಅಡ್ಡದಾರಿಯನ್ನು ಯಾರು ಹೇಳಿಕೊಟ್ಟರೂ ಕೇಳಬೇಡಿ. ಬೆವರಿ ಒಣಗಿರುವ ದೇಹದಲ್ಲಿ ಐಬುಪ್ರೊಫೆನ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ಎದೆನೋವು, ತಲೆಸುತ್ತು, ಕಂದು ಬಣ್ಣದ ಮೂತ್ರ ಕಂಡರೆ ಓಟವನ್ನು ಬಿಟ್ಟು ವೈದ್ಯರನ್ನು ಕಾಣಿ. ಅಟ್ಟೆಯೊಳಗೆ ಗಡುಸಾದ ಕಾರ್ಬನ್ ಹಾಳೆಯಿರುವ ಕಾರ್ಬನ್ ಪ್ಲೇಟ್ ಶೂಗಳನ್ನು ಓಟದ ದಿನಕ್ಕೆಂದು ಕೊಂಡಿದ್ದರೆ ಅವನ್ನು ಇಂಥ ಒಂದೆರಡು ಭಾನುವಾರಗಳಿಗೆ ಮಾತ್ರ ತೊಡಿ.

ಓಟ ಮುಗಿದ ಮೇಲೆ ಹತ್ತು ನಿಮಿಷ ನಡೆದು, ಅರ್ಧ ಗಂಟೆಯೊಳಗೆ ಏನನ್ನಾದರೂ ತಿನ್ನಿ. ಇಡ್ಲಿ, ಸಾಂಬಾರ್ ನನಗೆ ಇಷ್ಟ. ಗುಂಪಿನೊಡನೆ ದರ್ಶಿನಿಗೆ ಹೋಗಿ ಮಸಾಲೆ ದೋಸೆ ತಿನ್ನುವುದಕ್ಕೂ ನನ್ನ ಅಡ್ಡಿಯಿಲ್ಲ. ಹರಟೆಗೆ ಅದೇ ಸರಿಯಾದ ಸ್ಥಳ.

ವಾರದ ಮೊತ್ತ 65 ಕಿಲೋಮೀಟರ್. ಜ್ವರ, ಪ್ರವಾಸ, ಕಚೇರಿಯ ರಾತ್ರಿ ಪಾಳಿ, ಯಾವುದೇ ಕಾರಣಕ್ಕೆ ಒಂದು ದಿನ ತಪ್ಪಿದರೆ ಆ ದೂರವನ್ನು ಮರುದಿನಕ್ಕೆ ಸೇರಿಸಬೇಡಿ. ಬುಧವಾರವೋ ಶನಿವಾರವೋ ತಪ್ಪಿದರೆ ಮರೆತುಬಿಡಿ. ಮಂಗಳವಾರ ತಪ್ಪಿದರೆ ಬುಧವಾರಕ್ಕೆ ಸರಿಸಿ ಗುರುವಾರವನ್ನು 8 ಕಿಲೋಮೀಟರಿಗೆ ಇಳಿಸಿ. ಭಾನುವಾರವೇ ತಪ್ಪಿದರೆ ಸೋಮವಾರ ನಸುಕಿನಲ್ಲಿ ಓಡಿ ಮಂಗಳವಾರವನ್ನು ವಿಶ್ರಾಂತಿಗೆ ಬಿಡಿ, ಆ ವಾರದ ಒಂದೊಂದು ಕಿಲೋಮೀಟರಿನ ಓಟಗಳನ್ನು ಕೈಬಿಡಿ.