ಓಕ್ ಮರದ ಇಲಿಯಾ ಪತಂಗ: ಗುರುತು ಹಿಡಿದದ್ದು, ನೆಲೆ ಹುಡುಕಿದ್ದು

ನ್ಯೂಜೆರ್ಸಿಯಲ್ಲಿ ಪತಂಗ ನೋಡುವವರ ನಡುವೆ ಅಂಡರ್‌ವಿಂಗ್‌ಗಳಿಗೆ ಒಂದು ವಿಶೇಷ ಮರ್ಯಾದೆ ಇದೆ. ಕ್ಯಾಟೊಕಾಲ ಕುಲದ ಈ ಪತಂಗಗಳು ಕೂತಾಗ ಬರೀ ತೊಗಟೆ. ಎದ್ದರೆ ಹಿಂದಿನ ಜೋಡಿ ರೆಕ್ಕೆಯಲ್ಲಿ ಕೆಂಪೋ ಹಳದಿಯೋ ಗುಲಾಬಿಯೋ ಝಗ್ಗೆನ್ನುತ್ತದೆ. ಇನ್ನೊಂದು ಕಾಂಡಕ್ಕೆ ಅಂಟಿಕೊಂಡ ಕೂಡಲೇ ಮಾಯ. ಉತ್ತರ ಅಮೆರಿಕದಲ್ಲಿ ಸುಮಾರು ನೂರು ಪ್ರಭೇದಗಳಿವೆ. ನಾನು ಬೆನ್ನು ಹತ್ತಿದ್ದು ಓಕ್ ಎಲೆ ತಿಂದು ಬೆಳೆಯುವ ಇಲಿಯಾ ಅಂಡರ್‌ವಿಂಗನ್ನು. ಇದು ಅಪರೂಪದ್ದೇನಲ್ಲ, ಅದಕ್ಕೇ ಆರಿಸಿಕೊಂಡೆ. ಅಪರೂಪದ್ದರ ಹಿಂದೆ ಬಿದ್ದವರು ಕಲಿಯುವುದಕ್ಕಿಂತ ಕಾಯುವುದೇ ಹೆಚ್ಚು.

ಊರಲ್ಲಿರುವವರಿಗೆ ಇದರ ಅಂದಾಜು ಸಿಗಬೇಕಾದರೆ ಕಿತ್ತಳೆ, ದಾಳಿಂಬೆ ತೋಟಕ್ಕೆ ರಾತ್ರಿ ಬರುವ ಹಣ್ಣಿನ ರಸ ಹೀರುವ ಪತಂಗವನ್ನು ನೆನೆಸಿಕೊಳ್ಳಬಹುದು. ಅದರದೂ ಇದೇ ಉಪಾಯ: ಮುಂದಿನ ರೆಕ್ಕೆ ಒಣ ಎಲೆಯಂತೆ, ಹಿಂದಿನದು ಕಿತ್ತಳೆ ಬಣ್ಣ, ಅದರ ಮೇಲೆ ಕಪ್ಪು. ಎರಡೂ ಒಂದೇ ದೊಡ್ಡ ಕುಟುಂಬಕ್ಕೆ ಸೇರಿದವು. ಅದರ ಹುಳು ಅಮೃತಬಳ್ಳಿಯಂಥ ಬಳ್ಳಿಗಳ ಎಲೆ ತಿಂದರೆ ಇದರ ಹುಳುವಿಗೆ ಓಕ್ ಬೇಕು. ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್‌ನಲ್ಲಿ ಹುಡುಕಲು ಹೋಗಬೇಡಿ. ಅದು ಆಸ್ಟ್ರೇಲಿಯಾದಿಂದ ಬಂದ ಮರ, ಓಕ್ ಜಾತಿಗೆ ಅದಕ್ಕೂ ಸಂಬಂಧವಿಲ್ಲ.

ಬೆಳಕಿಗಿಂತ ಇವು ಬೇಗ ಮರುಳಾಗುವುದು ಹುಳಿತ ಸಿಹಿಗೆ. ಇಲ್ಲಿನವರು ಕಂದು ಸಕ್ಕರೆ, ಕಾಕಂಬಿ, ಬಿಯರ್ ಕಲಸುತ್ತಾರೆ. ನಾನು ಬಳಸುವುದು ಬೆಲ್ಲ. ಎಡಿಸನ್‌ನ ಇಂಡಿಯನ್ ಅಂಗಡಿ ಸಾಲಿನಿಂದ ತರುತ್ತೇನೆ. ಆ ರಸ್ತೆಯ ಹೆಸರೂ ಓಕ್ ಟ್ರೀ ರೋಡ್! ಸಿಪ್ಪೆ ಕಪ್ಪಾಗುವಷ್ಟು ಕಳಿತ ಬಾಳೆಹಣ್ಣನ್ನು ಕಿವುಚಿ, ಬೆಲ್ಲ ಕರಗಿಸಿದ ಗ್ಯಾಸ್ ಹೋದ ಬಿಯರ್ ಸೇರಿಸಿ, ಎರಡು ದಿನ ಹೊರಗೆ ಇಡುತ್ತೇನೆ. ಮುಚ್ಚಳ ಬಿಗಿ ಮಾಡಬಾರದು, ಗ್ಯಾಸ್ ತುಂಬಿ ಡಬ್ಬ ಸಿಡಿಯುತ್ತದೆ. ಬಳಿಯುವ ಹೊತ್ತಿಗೆ ಒಂದು ಗುಟುಕು ರಮ್. ಎಲ್ಲ ಸೇರಿದ ಈ ಗಸಿ ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಬೇಕು, ಇಲ್ಲದಿದ್ದರೆ ತೊಗಟೆಯಿಂದ ಜಾರಿ ಬುಡ ಸೇರುತ್ತದೆ.

ಮುಸ್ಸಂಜೆಗೆ ಒಂದೇ ದಾರಿಯುದ್ದಕ್ಕೂ ಆಯ್ದ ಮರಗಳಿಗೆ ಎದೆಯೆತ್ತರದಲ್ಲಿ ಬ್ರಷ್‌ನಿಂದ ಒಂದು ಅಂಗೈಯಗಲ ಬಳಿದು ಬರುತ್ತೇನೆ. ಕಾಡಿನ ಜಾಗವಾದರೆ ಮೊದಲು ಅನುಮತಿ. ಉಳಿದ ಗಸಿಯನ್ನು ಕಾಡಲ್ಲಿ ಬಿಡುವಂತಿಲ್ಲ, ರಾಜ್ಯದ ಉತ್ತರ ಭಾಗದಲ್ಲಿ ಕರಡಿಗಳಿವೆ. ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಲೇಬೇಕು. ಇಲ್ಲಿನ ಜಿಂಕೆ ಉಣ್ಣಿ ಲೈಮ್ ಕಾಯಿಲೆ ತರುತ್ತದೆ, ಪತಂಗದ ಹುಚ್ಚಿಗೆ ಅಷ್ಟು ಬೆಲೆ ತೆರಬೇಕಿಲ್ಲ.

ಕತ್ತಲಾದ ಮೇಲೆ ಸುತ್ತು ಬರುವಾಗ ಹೆಡ್‌ಲ್ಯಾಂಪ್‌ಗೆ ಕೆಂಪು ಬೆಳಕು ಹಾಕಿಕೊಂಡಿರುತ್ತೇನೆ. ಕೆಂಪು ಇವುಗಳ ಕಣ್ಣಿಗೆ ಅಷ್ಟಾಗಿ ತಾಕುವುದಿಲ್ಲ. ಜೇಬಿನ ಬೀಗದ ಕೈ ಗೊಂಚಲು ಕಾರಲ್ಲೇ ಉಳಿಯಬೇಕು: ಬಾವಲಿಯ ಸದ್ದು ಕೇಳಿಸಿಕೊಳ್ಳಲೆಂದೇ ಇರುವ ಕಿವಿ ಇವುಗಳಿಗೆ ಇದೆ, ಕೀ ಕಿಣಿಕಿಣಿ ಅಂದರೆ ಮರ ಖಾಲಿ. ಸೆಖೆ ಇದ್ದು, ಮೋಡ ಕವಿದು, ಗುಡುಗು ಬರುವ ಮುಂಚಿನ ರಾತ್ರಿಗಳು ಅತ್ಯುತ್ತಮ. ಹುಣ್ಣಿಮೆಯ ಆಚೀಚೆ ನಾನು ಹೊರಡುವುದೇ ಇಲ್ಲ.

ಇನ್ನು ಗುರುತು. ಎಲ್ಲರ ಕಣ್ಣೂ ಮೊದಲು ಹಿಂದಿನ ರೆಕ್ಕೆಯ ಕೆಂಪಿಗೆ ಹೋಗುತ್ತದೆ. ಅದು ಸಾಧ್ಯತೆಗಳ ಪಟ್ಟಿಯನ್ನು ಚಿಕ್ಕದು ಮಾಡಿಕೊಡುತ್ತದೆ, ಹೆಸರು ಹೇಳುವುದಿಲ್ಲ. ಇಲಿಯಾದ ಗುರುತು ಇರುವುದು ಮುಂದಿನ ರೆಕ್ಕೆಯ ನಡುವಿನ ಗೋಡಂಬಿ ಆಕಾರದ ಮಚ್ಚೆಯಲ್ಲಿ. ಆ ಮಚ್ಚೆಯ ಸುತ್ತ ಬಿಳಿ ಅಂಚು ಕಟ್ಟಿರುತ್ತದೆ. ಕೆಲವದರಲ್ಲಿ ಮಚ್ಚೆಯೇ ಪೂರ್ತಿ ಬಿಳಿ, ದೂರದಿಂದ ಸುಣ್ಣದ ಬೊಟ್ಟು ಇಟ್ಟ ಹಾಗೆ ಕಾಣುತ್ತದೆ. ಉಳಿದ ರೆಕ್ಕೆಯನ್ನು ನಂಬುವಂತಿಲ್ಲ. ಒಂದೇ ಮರದಲ್ಲಿ ಒಂದು ಬೂದು, ಒಂದು ಕಂದು, ಇನ್ನೊಂದು ಹೆಚ್ಚುಕಡಿಮೆ ಕಪ್ಪು ಕೂತಿರುತ್ತವೆ, ಮೂರೂ ಇಲಿಯಾ. 18ನೇ ಶತಮಾನದಲ್ಲಿ ಡಚ್ಚರ ಪೀಟರ್ ಕ್ರಾಮರ್ ಇದನ್ನು ವರ್ಣಿಸಿದ ಮೇಲೆ ಬಂದವರು ಇದರ ಬಣ್ಣಭೇದಗಳಿಗೇ ಬೇರೆ ಬೇರೆ ಹೆಸರಿಟ್ಟು ಸಾಕಷ್ಟು ಗೊಂದಲ ಮಾಡಿಟ್ಟಿದ್ದಾರೆ. ರೆಕ್ಕೆ ಬಿಚ್ಚಿದಾಗ ಅಗಲ ಸುಮಾರು 65ರಿಂದ 82 ಮಿಲಿಮೀಟರ್. ಹಿಂದಿನ ರೆಕ್ಕೆಯ ಬಣ್ಣ ಕಿತ್ತಳೆಗೆಂಪಿನಿಂದ ಅಚ್ಚ ಕೆಂಪಿನವರೆಗೆ, ಅದರ ಮೇಲೆ ಎರಡು ಕಪ್ಪು ಪಟ್ಟಿ, ಒಳಗಿನದು ಅಂಕುಡೊಂಕು.

ಇಲ್ಲಿ ಜೊತೆಗಿಟ್ಟು ನೋಡಬೇಕಾದ ಅಂಡರ್‌ವಿಂಗ್‌ಗಳು ಮುಖ್ಯವಾಗಿ ಎರಡು. ಅಲ್ಟ್ರೋನಿಯಾ ಚಿಕ್ಕದು, ಅದರ ಹುಳು ಪ್ಲಮ್, ಚೆರಿ ಜಾತಿಯ ಮರಗಳದು. ಮುಂದಿನ ರೆಕ್ಕೆಯ ಒಳ ಅಂಚಿನುದ್ದಕ್ಕೂ ಕಡುಕಂದು ಬಳಿದಿರುತ್ತದೆ. ಕಾಕ್ಸಿನೇಟಾ ಓಕ್ ತಿನ್ನುವುದೇ, ಆದರೆ ತೆಳು ಬೂದು, ರೆಕ್ಕೆಯ ಬುಡದಿಂದ ಹೊರಡುವ ಒಂದು ಕಪ್ಪು ಗೀಟು ಎದ್ದು ಕಾಣುತ್ತದೆ. ಬಣ್ಣ ನೋಡಿ ಮರ ಊಹಿಸುವ ಆಟವೂ ನಡೆಯುವುದಿಲ್ಲ. ಹಿಂದಿನ ರೆಕ್ಕೆ ಕಪ್ಪಾಗಿರುವ ಹಲವು ಜಾತಿ ಹಿಕೋರಿ ಮರದವು ಎಂಬುದೇನೋ ನಿಜ. ಆದರೆ ಹಳದಿ ರೆಕ್ಕೆಯ ಪುಟಾಣಿ ಅಮೀಕಾ ಕೂಡ ಓಕ್‌ನದೇ, ಅದಕ್ಕೆ ಒಳಗಿನ ಕಪ್ಪು ಪಟ್ಟಿಯೇ ಇಲ್ಲ.

ಹಾಗಾಗಿ ನನಗೆ ಎರಡು ಫೋಟೊ ಬೇಕು: ರೆಕ್ಕೆ ಮಡಿಸಿ ಕೂತದ್ದು, ಹಿಂದಿನ ರೆಕ್ಕೆ ಕಾಣುವಂಥದ್ದು. ಎರಡನೆಯದು ಗಸಿಯ ಮೇಲೆ ಸುಲಭ, ಹೀರುವಾಗ ಇವು ರೆಕ್ಕೆಯನ್ನು ಕೊಂಚ ಎತ್ತಿಕೊಂಡಿರುತ್ತವೆ. ಸಿಗದಿದ್ದರೆ ಅಗಲ ಬಾಯಿಯ ಬಾಟಲಿಯಲ್ಲಿ ಹಿಡಿದು, ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ತಣ್ಣಗಿಟ್ಟು, ಫೋಟೊ ತೆಗೆದು ಹಿಡಿದ ಜಾಗದಲ್ಲೇ ಬಿಡುತ್ತೇನೆ. ಆ ಕೆಂಪು ಏಕೆ ಅನ್ನುವುದಕ್ಕೆ 1985ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಬೂದು ಹಿಂರೆಕ್ಕೆಯ ನಕಲಿ ಪತಂಗಗಳಿಗೆ ಪಳಗಿಸಿದ್ದ ಬ್ಲೂ ಜೇ ಹಕ್ಕಿಗಳ ಮುಂದೆ ಅಂಡರ್‌ವಿಂಗ್ ಬಣ್ಣ ಬಿಚ್ಚಿಕೊಂಡಾಗ ಅವು ಬೆಚ್ಚಿದವು. ಅದೇ ಬಣ್ಣ ಮತ್ತೆ ಮತ್ತೆ ಕಂಡರೆ ಅಭ್ಯಾಸವಾಗಿ ಬಿಡುತ್ತಿತ್ತು, ಬೇರೆ ಮಾದರಿ ಕಂಡರೆ ಮತ್ತೆ ಬೆಚ್ಚು. ಒಂದೇ ಕಾಡಿನಲ್ಲಿ ಇಷ್ಟು ಬಗೆಯ ಹಿಂರೆಕ್ಕೆಗಳು ಇರುವುದರಲ್ಲಿ ಅರ್ಥವಿದೆ ಅಂತ ಆಮೇಲೆ ಅನಿಸಿತು.

ಹೆಸರು ಗೊತ್ತಾಯಿತು ಅಂದಮಾತ್ರಕ್ಕೆ ನೆಲೆ ಗೊತ್ತಾದಂತಲ್ಲ. ಜುಲೈ ಕೊನೆಗೆ ಪತಂಗ ಸಪ್ತಾಹ ಬಂದಾಗ (2012ರಲ್ಲಿ ಶುರುವಾದದ್ದು ನಮ್ಮ ಈಸ್ಟ್ ಬ್ರನ್ಸ್‌ವಿಕ್‌ನಲ್ಲೇ) ಹಿತ್ತಲಲ್ಲಿ ಬಿಳಿ ಬಟ್ಟೆ ಕಟ್ಟಿ ದೀಪ ಹಾಕಿದವರೆಲ್ಲ ‘ನಮ್ಮ ಹಿತ್ತಲಿನ ಅಂಡರ್‌ವಿಂಗ್’ ಎಂದು ಫೋಟೊ ಹಾಕುತ್ತಾರೆ. ರೆಕ್ಕೆ ಬಂದ ಪತಂಗ ಗಸಿಯ ವಾಸನೆ ಹಿಡಿದು ಎಲ್ಲಿಂದಲೋ ಬಂದಿರಬಹುದು; ಮೇಪಲ್ ಮರದ ಮೇಲೆ ಕೂತದ್ದಕ್ಕೆ ಮೇಪಲ್ ಅದರ ಮನೆಯಾಗುವುದಿಲ್ಲ. ನೆಲೆಗೆ ಸಾಕ್ಷಿ ಹುಳು. ಅದನ್ನು ಹುಡುಕಬೇಕಾದದ್ದು ಮೇ ಮತ್ತು ಜೂನ್ ಮೊದಲ ಭಾಗದಲ್ಲಿ, ಪತಂಗ ನೋಡುವವರು ಇನ್ನೂ ಬ್ಯಾಟರಿ ಚಾರ್ಜ್‌ಗೂ ಹಾಕಿರದ ಹೊತ್ತಿನಲ್ಲಿ.

ಮೊಟ್ಟೆ ತೊಗಟೆಯ ಬಿರುಕಿನಲ್ಲಿ ಚಳಿಗಾಲ ಕಳೆದು, ಓಕ್ ಚಿಗುರುವ ಹೊತ್ತಿಗೆ ಒಡೆಯುತ್ತದೆ. ಮರಿಗಳಿಗೆ ಎಳೆ ಎಲೆಯೇ ಬೇಕು. ಬಲಿತಂತೆ ಎಲೆ ಗಡುಸಾಗಿ ಟ್ಯಾನಿನ್ ಏರುತ್ತದೆ. ಬೆಳೆದ ಹುಳು ರಾತ್ರಿ ಮೇಯ್ದು ಹಗಲು ಕೊಂಬೆಗೋ ಕಾಂಡಕ್ಕೋ ಒತ್ತಿಕೊಂಡು ಮಲಗುತ್ತದೆ. ಇಲಿಯಾ ಹುಳುವಿನ ಬೆನ್ನು ಬೂದು, ಹಸಿರು, ಬಿಳಿ, ಕಪ್ಪು ಕಲೆಗಳ ಗೊಂದಲ. ಮಸಾಲೆಗೆ ಹಾಕುವ ಕಲ್ಲುಹೂವಿನ ಜಾತಿಯದು ಓಕ್ ಕಾಂಡಕ್ಕೂ ಹಬ್ಬಿರುತ್ತದಲ್ಲ, ಅದರ ನಡುವೆ ಕಣ್ಣಿಗೆ ಹುಳು ಬೇರೆಯಾಗಿ ಸಿಗುವುದಿಲ್ಲ. ಪಕ್ಕೆಯುದ್ದಕ್ಕೂ ನವುರಾದ ಎಳೆಗಳ ಅಂಚು ಇರುವುದರಿಂದ ನೆರಳೂ ಬೀಳದು. ಬರಿಗಣ್ಣಿಗೆ ಸೋತು ನಾನು ಗೋಣಿತಾಟು ಕಟ್ಟುವ ಹಳೆಯ ಉಪಾಯಕ್ಕೆ ಬಂದೆ: ಕಾಂಡದ ಸುತ್ತ ಒಂದು ಪಟ್ಟಿ, ನಡುವಿಗೆ ಹುರಿ, ಮೇಲಿನ ಅರ್ಧ ಕೆಳಕ್ಕೆ ಮಡಿಸಿದ್ದು. ಹಗಲು ಅಡಗಲು ಬಂದ ಹುಳು ಆ ಮಡಿಕೆಯಲ್ಲಿ ಸಿಗುತ್ತದೆ.

ಹೆಚ್ಚಾಗಿ ಸಿಗುವುದು ಸ್ಪಂಜಿ ಪತಂಗದ ಹುಳು. 1869ರ ಹೊತ್ತಿಗೆ ಮ್ಯಾಸಚೂಸೆಟ್ಸ್‌ನ ಮೆಡ್‌ಫರ್ಡ್‌ನಿಂದ ತಪ್ಪಿಸಿಕೊಂಡ ಈ ಯೂರೋಪಿನ ಪಿಡುಗಿಗೆ ಬೆನ್ನ ಮೇಲೆ ಐದು ಜೊತೆ ನೀಲಿ, ಆರು ಜೊತೆ ಕೆಂಪು ಚುಕ್ಕೆ, ಮೈತುಂಬ ತುರಿಕೆ ತರುವ ಕೂದಲು. ಅಂಡರ್‌ವಿಂಗ್ ಹುಳುವಿಗೆ ಇಂಥ ಕೂದಲಿಲ್ಲ. ತಿರುಗಿಸಿ ನೋಡಿದರೆ ತಿಳಿ ಬಣ್ಣದ ಹೊಟ್ಟೆಯ ಮೇಲೆ ಸಾಲಾಗಿ ಕಪ್ಪು ಮಚ್ಚೆ. ಮುಟ್ಟಿದರೆ ಮೀನಿನಂತೆ ಒದರಿ ಕೈಯಿಂದ ಹಾರಿಬಿಡುತ್ತದೆ. ಇಂಥದ್ದು ಸಿಕ್ಕ ಮರ ಯಾವುದು ಎಂದು ಆಗಲೇ ಬರೆದುಕೊಳ್ಳುತ್ತೇನೆ. ಎಲೆಯಂಚಿನ ಚಾಚುಗಳ ತುದಿ ಚೂಪಾಗಿ ಮುಳ್ಳುಗೂದಲಿದ್ದರೆ ರೆಡ್ ಓಕ್ ಗುಂಪು, ಗುಂಡಗಿದ್ದರೆ ವೈಟ್ ಓಕ್ ಗುಂಪು. ಇಲಿಯಾ ಎರಡನ್ನೂ ತಿನ್ನುತ್ತದೆ.

ಹುಳು ಸಿಕ್ಕ ಜಾಗಗಳಿಗೂ ಬರೀ ಪತಂಗ ಬಂದ ಜಾಗಗಳಿಗೂ ಇದ್ದ ವ್ಯತ್ಯಾಸ ಮರಗಳ ಸಂಖ್ಯೆಯಲ್ಲಿ ಇರಲಿಲ್ಲ, ನೆಲದಲ್ಲಿತ್ತು. ಹುಳು ಕೋಶವಾಗುವುದು ತರಗೆಲೆಯೊಳಗೆ, ಎಲೆಗಳನ್ನೇ ರೇಷ್ಮೆಯಿಂದ ಹೊಲಿದುಕೊಂಡು. ಆ ಕೋಶದ ಮೇಲೆ ನೀಲಿ ಛಾಯೆಯ ಮೇಣದ ಪುಡಿ. ಭರ್ಜರಿ ಓಕ್ ಇದ್ದೂ ಬುಡದವರೆಗೆ ಹುಲ್ಲುಹಾಸು ಮಾಡಿ, ಎಲೆಯನ್ನು ಬ್ಲೋವರ್‌ನಿಂದ ಊದಿ ಚೀಲಕ್ಕೆ ತುಂಬುವ ಕಡೆ ಇದು ಹೇಗೆ ಉಳಿದೀತು? ಇನ್ನೊಂದು, ಸ್ಪಂಜಿ ಪತಂಗಕ್ಕೆಂದು ಮೇ ತಿಂಗಳಲ್ಲಿ ಸಿಂಪಡಿಸುವ ಬಿಟಿ ಎಂಬ ಬ್ಯಾಕ್ಟೀರಿಯಾ ಕೀಟನಾಶಕ. ಆ ಬ್ಯಾಕ್ಟೀರಿಯಾ ಎಲೆಯ ಜೊತೆ ಯಾವ ಚಿಟ್ಟೆ-ಪತಂಗದ ಹುಳುವಿನ ಹೊಟ್ಟೆ ಸೇರಿದರೂ ಕೊಲ್ಲಬಲ್ಲದು, ಅಂಡರ್‌ವಿಂಗ್ ಮರಿಗಳೂ ಅದೇ ಹೊತ್ತಿಗೆ ಮೇಯುತ್ತಿರುತ್ತವೆ. ನನಗೆ ಸಿಂಪಡಣೆ ಬೇಡವೇ ಬೇಡ ಎನ್ನುವ ಧೈರ್ಯವಿಲ್ಲ. ಎಲೆ ಬೋಳಾದ ಗುಡ್ಡ ನೋಡಿದವರಿಗೆ ಆ ಮಾತು ಸುಲಭವಲ್ಲ.

ಇಲಿಯಾ ಆದರೂ ಹೊಂದಿಕೊಳ್ಳುವ ಜೀವಿ. ಈಗ ನಾನು ರಾಜ್ಯದ ತೆಂಕಣ ಪೈನ್ ಬ್ಯಾರೆನ್ಸ್ ಎಂಬ ಪೈನ್ ಕಾಡಿಗೆ ಹೋಗತೊಡಗಿರುವುದು ಹೆರೋಡಿಯಾಸ್ ಎಂಬ ಇನ್ನೊಂದು ಓಕ್ ಅಂಡರ್‌ವಿಂಗ್‌ಗಾಗಿ. ಮುಂದಿನ ರೆಕ್ಕೆಯ ಮೇಲಂಚು ಬೆಳ್ಳಗೆ, ಹಿಂದಿನದು ಕೆಂಪು. ಅದರ ಹುಳುವಿಗೆ ಮರಳು ನೆಲದ ಕುರುಚಲು ಓಕ್ ಬೇಕು, ಆ ಕುರುಚಲಿಗೆ ಬಿಸಿಲು ಬೇಕು, ಬಿಸಿಲು ಬೀಳಬೇಕಾದರೆ ಆಗಾಗ ಬೆಂಕಿ ಬೀಳಬೇಕು. ಅಲ್ಲಿ ನಾನು ಮೊದಲು ನೋಡುವುದು ಪೈನ್ ಬುಡದ ಸುಟ್ಟ ಕರಿ ಎಷ್ಟು ಹಳೆಯದು ಎಂದು. ಗಸಿ ಡಬ್ಬ ತೆರೆಯುವುದು ಆಮೇಲೆ.