‘ಅಬದ್ದೋನ್’ ಪದದ ಅರ್ಥವನ್ನು ಮೂಲದಿಂದ ತಿಳಿಯುವ ಬಗೆ

ಬೈಬಲಿನ ಪ್ರಕಟನೆ ಗ್ರಂಥದ 9ನೇ ಅಧ್ಯಾಯದ 11ನೇ ವಚನವು ಅಧೋಲೋಕದ ದೂತನನ್ನು ಹೀಬ್ರೂ ಭಾಷೆಯಲ್ಲಿ ‘ಅಬದ್ದೋನ್’ ಎಂದೂ ಗ್ರೀಕ್ ಭಾಷೆಯಲ್ಲಿ ‘ಅಪೊಲ್ಲುವೋನ್’ ಎಂದೂ ಹೆಸರಿಸುತ್ತದೆ. ಹೆಚ್ಚಿನ ಓದುಗರು ಇಲ್ಲಿಂದಲೇ ಆರಂಭಿಸಿ, ಇದೊಂದು ದುರಾತ್ಮದ ಹೆಸರೆಂದು ತೀರ್ಮಾನಿಸಿ ಮುಂದೆ ಸಾಗುತ್ತಾರೆ. ಆದರೆ ಪದವನ್ನು ತಿಳಿಯಬೇಕಾದರೆ ಮೊದಲು ಧಾತುವನ್ನು ಹಿಡಿಯಬೇಕು.

ಹೀಬ್ರೂ ಪದಗಳಲ್ಲಿ ಬಹುಪಾಲು ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟಿದವು. ಇಲ್ಲಿನ ವ್ಯಂಜನಗಳು ಆಲೆಫ್, ಬೇತ್, ದಾಲೆತ್. ಕೊನೆಯ ‘ಓನ್’ ನಾಮಪದವನ್ನು ರೂಪಿಸುವ ಪ್ರತ್ಯಯ. ಕನ್ನಡ ಲಿಪಿಯಲ್ಲಿ ಓದುವವರು ಈ ಹಂತದಲ್ಲೇ ಎಡವುವುದುಂಟು, ಏಕೆಂದರೆ ಆಲೆಫ್ ಮತ್ತು ಆಯಿನ್ ಎಂಬ ಎರಡು ಬೇರೆ ಅಕ್ಷರಗಳು ನಮ್ಮಲ್ಲಿ ಒಂದೇ ‘ಅ’ಕಾರವಾಗಿಬಿಡುತ್ತವೆ. ಆಲೆಫ್ ಬದಲು ಆಯಿನ್‌ನಿಂದ ಆರಂಭವಾಗುವ ಧಾತುವಿಗೆ ದುಡಿಯುವುದು, ಸೇವೆ ಮಾಡುವುದು ಎಂಬ ಅರ್ಥವಿದ್ದು, ಪ್ರವಾದಿ ಓಬದ್ಯನ ಹೆಸರು ಬಂದಿರುವುದು ಅದರಿಂದ. ಬೈಬಲಿನ ಮೂಲಪದಗಳಿಗೆ ಒಂದೊಂದು ಸಂಖ್ಯೆ ಕೊಟ್ಟಿರುವ ಸ್ಟ್ರಾಂಗ್ ಪದಸೂಚಿಯನ್ನು ಬಳಸುವವರು ಸಂಖ್ಯೆಯನ್ನು ನೋಡಿಕೊಂಡರೆ ಸಾಕು: ನಮ್ಮ ಧಾತು 6, ‘ಅಬದ್ದೋನ್’ 11, ಸೇವೆಯ ಧಾತು 5647.

ಅನಂತರ ಕ್ರಿಯಾಪದವು ದಿನಬಳಕೆಯ ಮಾತಿನಲ್ಲಿ ಹೇಗೆ ಬರುತ್ತದೆಂದು ನೋಡಬೇಕು. ನನ್ನ ಮಟ್ಟಿಗೆ ಇದೇ ಮುಖ್ಯವಾದ ಹೆಜ್ಜೆ. 1 ಸಮುವೇಲ 9:3ರಲ್ಲಿ ಸೌಲನ ತಂದೆ ಕೀಷನ ಕತ್ತೆಗಳು ತಪ್ಪಿಸಿಕೊಂಡು ಹೋಗುತ್ತವೆ. ಅಲ್ಲಿರುವುದು ಇದೇ ಕ್ರಿಯಾಪದ. ಕತ್ತೆಗಳು ಸತ್ತಿಲ್ಲ, ಕೆಲವು ದಿನಗಳಲ್ಲಿ ಸಿಕ್ಕಿಯೂ ಬಿಡುತ್ತವೆ. ಕೀರ್ತನೆ 119:176ರ ದಾರಿತಪ್ಪಿದ ಕುರಿಗೂ ಇದೇ ಪದ. ಪ್ರಸಂಗಿ 3:6ರಲ್ಲಿ ‘ಹುಡುಕುವ ಕಾಲ’ಕ್ಕೆ ಎದುರಾಗಿ ನಿಂತ ‘ಕಳೆದುಕೊಳ್ಳುವ ಕಾಲ’ದಲ್ಲಿ ಯಾವ ಕ್ರಿಯಾರೂಪವಿದೆಯೋ, ಎಸ್ತೇರಳು 3:13ರಲ್ಲಿ ಯೆಹೂದ್ಯರನ್ನು ನಿರ್ಮೂಲಗೊಳಿಸಬೇಕೆಂದು ಹೊರಟ ಆಜ್ಞೆಯಲ್ಲಿರುವುದೂ ಅದೇ. ಕಳೆದುಹೋಗುವುದೂ ಅಳಿದುಹೋಗುವುದೂ ಒಂದೇ ಧಾತುವಿನಲ್ಲಿ ಕೂಡಿವೆ. ಕನ್ನಡಿಗರಿಗೆ ಇದು ವಿಚಿತ್ರವೆನಿಸಬೇಕಿಲ್ಲ: ಸಂಸ್ಕೃತದ ‘ನಶ್’ ಧಾತುವಿನಿಂದಲೇ ನಮಗೆ ‘ನಾಶ’ವೂ ಬಂದಿದೆ, ವ್ಯಾಪಾರದಲ್ಲಿ ಆಗುವ ‘ನಷ್ಟ’ವೂ ಬಂದಿದೆ.

ಇನ್ನುಳಿದದ್ದು ನಾಮಪದ. ಹೀಬ್ರೂ ಬೈಬಲಿನಲ್ಲಿ ಅದು ಬರುವುದು ಆರೇ ಕಡೆ: ಯೋಬ 26:6, 28:22, 31:12, ಕೀರ್ತನೆ 88:11, ಜ್ಞಾನೋಕ್ತಿ 15:11, 27:20. ಹೀಬ್ರೂ ಮುದ್ರಣಗಳಲ್ಲಿ ಕೀರ್ತನೆಯ ಶಿರೋನಾಮೆಗೂ ವಚನಸಂಖ್ಯೆ ಇರುವುದರಿಂದ ಅಲ್ಲಿ 88:12 ನೋಡಬೇಕು. ಪ್ರತಿಯೊಂದು ಕಡೆಯೂ ಪಕ್ಕದಲ್ಲಿ ಯಾವ ಪದವಿದೆಯೆಂದು ಗುರುತು ಹಾಕಿಕೊಳ್ಳಿ. ಯೋಬ 26ರಲ್ಲಿಯೂ ಜ್ಞಾನೋಕ್ತಿಯ ಎರಡು ಕಡೆಯೂ ಜೊತೆಗಿರುವುದು ‘ಷೆಯೋಲ್’, ಅಂದರೆ ಪಾತಾಳ, ಕೀರ್ತನೆಯಲ್ಲಿ ಸಮಾಧಿ. ಆದ್ದರಿಂದ ಈ ವಚನಗಳಲ್ಲಿ ಅಬದ್ದೋನ್ ಎನ್ನುವುದು ವಿನಾಶವೆಂಬ ಘಟನೆಗಿಂತ ಹೆಚ್ಚಾಗಿ ಒಂದು ಸ್ಥಳ, ಹೋದವರು ಮತ್ತೆ ಸಿಗದಂತಹ ಸ್ಥಳ. ಅನುವಾದದಲ್ಲಿ ಬರೀ ‘ನಾಶ’ ಎಂದು ಬರೆದರೆ ಈ ಸ್ಥಳದ ಭಾವ ಕೈಬಿಟ್ಟುಹೋಗುತ್ತದೆ. ‘ನಾಶಲೋಕ’ ಎಂಬಂತಹ ಪದ ಹೆಚ್ಚು ಹೊಂದುತ್ತದೆ.

ಯೋಬ 28:22ನ್ನು ಮಾತ್ರ ಬೇರೆಯಾಗಿಯೇ ಓದಬೇಕು. ಜ್ಞಾನವೆಲ್ಲಿದೆಯೆಂದು ಹುಡುಕುವ ಆ ಪದ್ಯದಲ್ಲಿ ಅಬದ್ದೋನ್ ಮರಣದೊಡನೆ ನಿಂತು, ಜ್ಞಾನದ ಸುದ್ದಿ ತಮ್ಮ ಕಿವಿಗೆ ಬಿದ್ದಿದೆಯೆಂದು ಬಾಯಿಬಿಟ್ಟು ಹೇಳುತ್ತದೆ. ಸ್ಥಳಕ್ಕೆ ಇಲ್ಲಿ ಆಗಲೇ ಬಾಯಿಯೂ ಕಿವಿಯೂ ಬಂದಿವೆ. ಪ್ರಕಟನೆಯ ದೂತನತ್ತ ಮರಳಬೇಕಾದದ್ದು ಇದನ್ನು ಓದಿದ ಮೇಲೆ.